ವಾಪಸ್ ಬಂದ ತಟ್ಟೆ

ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಕಲಿತವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಬಡಿಸಿ ಕಳಿಸಿದ ತಟ್ಟೆ ಅರ್ಧ ಹಾಗೇ ವಾಪಸ್ ಬಂದರೆ ಮೊದಲು ನಮ್ಮ ಕೈಯನ್ನೇ ಅನುಮಾನಿಸುತ್ತೇವೆ. ಉಪ್ಪು ಹೆಚ್ಚಾಯಿತೇ, ಆರಿಹೋಗಿತ್ತೇ, ಮೀನು ನಿನ್ನೆಯದೇ ಎಂದು ಯೋಚಿಸುತ್ತೇವೆ. ದುಬೈಯ ಅಲ್ ಮುರಕ್ಕಬಾತ್‌ನ ಹೋಟೆಲೊಂದರಲ್ಲಿ ವರ್ಷಗಟ್ಟಲೆ ದುಡಿದ ಮೇಲೆ ಆ ಚಟ ನನ್ನ ಮೈಗೇ ಇಳಿದಿತ್ತು. ಹೋಟೆಲು ಕೈ ಬದಲಾಗಿ ನಮ್ಮನ್ನೆಲ್ಲ ಬಿಡಿಸಿದಾಗ, ಬರ್ ದುಬೈಯಲ್ಲಿ ಸಂಜೆ ತರಗತಿಗೆ ಹೋಗಿ ಪ್ರಾಣಿಗಳ ಆಹಾರದ ಬಗ್ಗೆ ಒಂದು ಸಣ್ಣ ಕೋರ್ಸ್ ಮುಗಿಸಿದೆ. ಅದರ ಬಲದಲ್ಲಿ ಅಬುಧಾಬಿ ರಸ್ತೆಯಿಂದ ಒಳಗೆ, ಮರಳಿನ ನಡುವೆ ಇರುವ ಒಂದು ಖಾಸಗಿ ಪ್ರಾಣಿ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೂ ಆ ಚಟವನ್ನು ಹೊತ್ತುಕೊಂಡೇ ಹೋದೆ.

ನನ್ನ ಪಾಲಿಗೆ ಬಂದದ್ದು ಝೈತೂನಳ ಊಟ. ಝೈತೂನ ಕಂದು ಕರಡಿ. ನಮ್ಮೂರ ಕಡೆ ಕರಡಿ ಎಂದರೆ ಕಪ್ಪು ಕೂದಲಿನ, ಗೆದ್ದಲು ಹೀರುವ ಪ್ರಾಣಿ. ಇವಳದು ಬೇರೆ ಜಾತಿ. ಒದ್ದೆ ಮರಳಿನ ಬಣ್ಣ, ಭುಜದ ಮೇಲೆ ಒಂದು ಉಬ್ಬು, ಮಾಸಲು ಬಿಳಿಯ ಉಗುರುಗಳು. ಟರ್ಕಿ, ಇರಾನಿನ ಬೆಟ್ಟಗಳ ಕಡೆಯ ತಳಿ ಎಂದು ಪಾರ್ಕಿನ ಪ್ರಾಣಿ ಡಾಕ್ಟರು ಹೇಳಿದ್ದರು. ಯಾರೋ ತಮ್ಮ ವಿಲ್ಲಾದ ಹಿಂದೆ ಕದ್ದು ಸಾಕಿದ್ದವಳನ್ನು ಅಧಿಕಾರಿಗಳು ಬಿಡಿಸಿ, ಬೇಸಿಗೆಗೆ ಸ್ವಲ್ಪ ಮೊದಲು ನಮ್ಮಲ್ಲಿಗೆ ಕಳಿಸಿದ್ದರು. ಕತ್ತಿನ ಸುತ್ತ ಪಟ್ಟಿ ಕಟ್ಟಿದ್ದ ಜಾಗದಲ್ಲಿ ಇನ್ನೂ ಕೂದಲು ಬೆಳೆದಿರಲಿಲ್ಲ.

ಅವಳಿಗೂ ನನಗೂ ಮಧ್ಯೆ ಯಾವಾಗಲೂ ಕಬ್ಬಿಣದ ಜಾಲರಿ ಇರುತ್ತಿತ್ತು. ಉದ್ದ ಹಿಡಿಕೆಯ ಸ್ಟೀಲ್ ಟ್ರೇಯನ್ನು ಗೋಡೆಯ ಕಿಂಡಿಯಿಂದ ಒಳಗೆ ತಳ್ಳುವುದು, ತಿಂದಾದ ಮೇಲೆ ಹಿಡಿಕೆ ಹಿಡಿದು ಈಚೆಗೆ ಎಳೆದುಕೊಳ್ಳುವುದು. ಬಾಗಿಲುಗಳ ಕೆಲಸ ಫಿಡೆಲಿಸ್ ಬಾಬನದು. ಕುಂದಾಪುರ ಕಡೆಯವರು, ವಯಸ್ಸಾದವರಾದ್ದರಿಂದ ಗೌರವಕ್ಕೆ ಬಾಬ್, ಹಿಂದೆ ಯಾರೋ ಅರಬ್ ಶೇಖ್ ಒಬ್ಬರ ಒಂಟೆಗಳನ್ನು ನೋಡಿಕೊಂಡಿದ್ದವರು.

ಅಕ್ಟೋಬರಿನಲ್ಲಿ ಝೈತೂನ ತಿಂದದ್ದನ್ನು ನೋಡಿ ನನ್ನ ಮನಸ್ಸು ತುಂಬಿತು. ಗೆಣಸು, ಸೇಬು, ಕ್ಯಾರೆಟ್, ಮೀನು, ಒಂಟೆಗಳಿಗೆ ಹಾಕುವ ಜತ್ ಹುಲ್ಲು, ಏನು ಕೊಟ್ಟರೂ ಖಾಲಿ. ಟ್ರೇಯನ್ನು ನೆಕ್ಕಿ ಕನ್ನಡಿ ಮಾಡಿ ಕಳಿಸುತ್ತಿದ್ದಳು. ನಡೆದರೆ ಹೊಟ್ಟೆ ಅಲುಗಾಡುತ್ತಿತ್ತು.

"ನಿನ್ನ ಕೈರುಚಿ ಅಲ್ಲ ಅದು, ಹೆಚ್ಚು ಉಬ್ಬಬೇಡ" ಎಂದರು ಫಿಡೆಲಿಸ್ ಬಾಬ್. "ಇವಳು ಗೋಣಿಚೀಲ ಕೊಟ್ಟರೂ ತಿಂತಾಳೆ."

"ಗೋಣಿಚೀಲ ನೀವು ಕೊಡಿ ಬಾಬ್. ನಾನು ಗೆಣಸು ಕೊಡ್ತೇನೆ."

ನವೆಂಬರ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಟ್ರೇ ಅರ್ಧ ಹಾಗೇ ವಾಪಸ್ ಬಂತು. ಮರುದಿನ ಮುಕ್ಕಾಲು. ಕಿಂಡಿಯ ಬಳಿ ನಿಂತು ನಾನು ಮೀನು ಮೂಸಿ ನೋಡಿದೆ. ಗೆಣಸು ಮುರಿದು ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ನನ್ನ ರೂಮಿರುವ ಕರಾಮಕ್ಕೆ ವಾಪಸಾಗುವ ಸ್ಟಾಫ್ ವ್ಯಾನಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಕೋರ್ಸಿನಲ್ಲಿ ಹೇಳಿಕೊಟ್ಟದ್ದೆಲ್ಲ ಮೇಕೆ, ಮೊಲ, ಗಿಳಿಗಳ ವಿಷಯ. ಕರಡಿಯ ಪಾಠದ ದಿನ ನಾನು ತೂಕಡಿಸಿದ್ದೆನೋ, ಅಥವಾ ಅಂಥ ಪಾಠವೇ ಇರಲಿಲ್ಲವೋ, ಈಗ ನೆನಪಿಲ್ಲ. ಹಾಗಾಗಿ ನನಗೆ ಗೊತ್ತಿದ್ದದ್ದನ್ನೇ ಮಾಡಿದೆ. ಗಿರಾಕಿ ಬೇಡವೆಂದರೆ ರುಚಿ ಹೆಚ್ಚಿಸಬೇಕು. ಬಂಗುಡೆಯನ್ನು ಕಾವಲಿಯಲ್ಲಿ ಸುಟ್ಟು, ಮೇಲೆ ಖರ್ಜೂರದ ಪಾಕ ಸುರಿದು ಕಳಿಸಿದೆ.

ಝೈತೂನ ಎದ್ದು ಬಂದಳು. ಕಣ್ಣು ಪೂರ್ತಿ ಬಿಟ್ಟಿರಲಿಲ್ಲ, ಮೂಗು ಮಾತ್ರ ಎಚ್ಚರವಾಗಿತ್ತು. ಟ್ರೇ ಖಾಲಿಯಾಗಿ ಬಂದಾಗ ನಾನು ಅದನ್ನು ಎತ್ತಿ ಹಿಡಿದು ಬಾಬನಿಗೆ ತೋರಿಸಿದೆ.

ಡಿಸೆಂಬರ್ ಮೊದಲ ವಾರದ ರಾಷ್ಟ್ರೀಯ ದಿನದ ರಜೆಗೆ ಪಾರ್ಕ್ ತುಂಬಿ ಹೋಯಿತು. ಗೇಟಿನ ಬೋರ್ಡಿನ ಮೇಲೆ ದೊಡ್ಡದಾಗಿ ಇರುವುದು ಝೈತೂನಳ ಚಿತ್ರವೇ. ಜನ ನೇರವಾಗಿ ಅವಳ ಅಂಗಳದ ಗಾಜಿನ ಮುಂದೆ ಬಂದು ನಿಲ್ಲುತ್ತಿದ್ದರು. ಅವಳು ಒಳಗಿನ ಕೋಣೆಗೆ ಹೋಗಿ ಮಲಗಲು ನೋಡಿದಾಗಲೆಲ್ಲ ನಾನು ಬಂಗುಡೆ ಸುಟ್ಟೆ. ಮ್ಯಾನೇಜರ್ ಅಬ್ದುಸ್ಸಲಾಮ್ ಸಾಬರು ಅಡುಗೆಮನೆಯ ಬಾಗಿಲಿಗೆ ಬಂದು, "ಮಾಶಾಅಲ್ಲಾ ವೆರೋನಿಕಾ ಬಾಯಿ, ನಿಮ್ಮ ಒಲೆ ಹೊತ್ತಿದ್ರೆ ನನ್ನ ಟಿಕೆಟ್ ಕೌಂಟರ್ ನಡೀತದೆ" ಎಂದರು. ಅವರು ಭಟ್ಕಳದವರು. ಬಟ್ಟೆ ವ್ಯಾಪಾರದ ಮನೆತನ, ಇವರೊಬ್ಬರೇ ಪ್ರಾಣಿಗಳ ಕಡೆ ಬಂದದ್ದು. ಹೊಗಳುವುದು ಅಪರೂಪ. ಆ ದಿನ ವ್ಯಾನಿನಲ್ಲಿ ನನಗೆ ಆಯಾಸವೇ ಗೊತ್ತಾಗಲಿಲ್ಲ.

ಆಯಾಸ ಆಮೇಲೆ ಗೊತ್ತಾಗತೊಡಗಿತು, ನನಗಲ್ಲ, ಅವಳಿಗೆ. ಝೈತೂನ ಗೋಡೆಯ ಉದ್ದಕ್ಕೆ ಅತ್ತಿಂದಿತ್ತ ನಡೆಯಲು ಶುರುಮಾಡಿದಳು. ಒಂದೇ ಜಾಗದಲ್ಲಿ ತಿರುಗಿ, ಅದೇ ಮೂಲೆಗೆ ತಲೆ ಉಜ್ಜಿ, ಮತ್ತೆ ನಡೆಯುವುದು. ನಡುವೆ ನಿಂತಲ್ಲೇ ತಲೆ ಜೋಲುತ್ತಿತ್ತು. ನೈಟ್ ಡ್ಯೂಟಿ ಮುಗಿಸಿದವರು ಮೆಟ್ರೋದಲ್ಲಿ ಕಂಬ ಹಿಡಿದು ನಿಂತಿರುತ್ತಾರಲ್ಲ, ಹಾಗೆ. ಮೂಲೆಗೆ ಉಜ್ಜಿ ಉಜ್ಜಿ ಕಿವಿಯ ಬಳಿ ಗಾಯವಾಯಿತು. ಮೀನು ಕೆಟ್ಟಿತ್ತೇನೋ, ಪಾಕ ಹೆಚ್ಚಾಯಿತೇನೋ ಎಂದು ನಾನು ಒಳಗೊಳಗೇ ಕುದಿದೆ. ಕೊನೆಗೆ ತಡೆಯಲಾರದೆ ಡಾಕ್ಟರಿಗೆ ಫೋನ್ ಮಾಡಿದೆ.

ಡಾಕ್ಟರ್ ರುಮೈಸಾ ಚಿಕ್ಕ ಹುಡುಗಿ. ಭಟ್ಕಳದ ಕುಟುಂಬವೇ, ಹುಟ್ಟಿ ಬೆಳೆದದ್ದು ಮಾತ್ರ ದುಬೈ. ಗಾಯಕ್ಕೆ ದೂರದಿಂದ ಔಷಧಿ ಸಿಂಪಡಿಸಿ, ರಕ್ತದ ಪರೀಕ್ಷೆ ಮಾಡಿಸಿ, ಕೆಲವು ದಿನ ಬಿಟ್ಟು ಅಡುಗೆಮನೆಗೆ ಬಂದಳು.

"ರಿಪೋರ್ಟ್ ಎಲ್ಲ ಫೈನ್, ಆಂಟಿ. ಕಾಯಿಲೆ ಇಲ್ಲ. ಶಿ ಈಸ್ ಜಸ್ಟ್ ಟಯರ್ಡ್."

"ಊಟ ಸಾಲೂದಿಲ್ವಾ?"

ಅವಳು ಕಾವಲಿಯ ಮೇಲಿದ್ದ ಬಂಗುಡೆಯನ್ನು ನೋಡಿದಳು. "ಊಟ ಜಾಸ್ತಿ ಆಯ್ತು. ಇವ್ರು ಅಕ್ಟೋಬರಲ್ಲಿ ಅಷ್ಟು ತಿನ್ನೂದು ಯಾಕೆ ಗೊತ್ತಾ? ಚಳಿಗಾಲ ಪೂರ್ತಿ ತಿನ್ನದೆ ಮಲಗ್ಲಿಕ್ಕೆ. ಕೊಬ್ಬೇ ಊಟ, ಅದ್ರಿಂದಾನೇ ನೀರು."

"ಇಲ್ಲಿ ಎಂತ ಚಳಿ ಡಾಕ್ಟ್ರೇ?"

"ಚಳಿ ಒಂದೇ ಅಲ್ಲ ಆಂಟಿ. ದಿನ ಗಿಡ್ಡ ಆಗೂದು ಅವ್ಳ ಬಾಡಿಗೆ ಗೊತ್ತಾಗ್ತದೆ. ಕಾಡಲ್ಲಾದ್ರೆ ಆಗ ಊಟಾನೂ ಸಿಗೂದಿಲ್ಲ, ಹೋಗಿ ಮಲಗ್ತಾಳೆ. ಇಲ್ಲಿ ದಿನಾ ಬಿಸಿ ಬಿಸಿ ಸಿಗ್ತಾ ಉಂಟು. ಬಾಡಿ ಮಲಗು ಹೇಳ್ತದೆ, ಮೂಗು ಏಳು ಹೇಳ್ತದೆ."

ನಾನು ಒಲೆ ಆರಿಸಿದೆ. ನನ್ನ ಮುಖ ನೋಡಿ ಅವಳು ಧ್ವನಿ ತಗ್ಗಿಸಿದಳು. "ನನಗೂ ಪೂರ್ತಿ ಗ್ಯಾರಂಟಿ ಇಲ್ಲ. ಇಲ್ಲಿ ಅಷ್ಟು ಡೀಪ್ ನಿದ್ದೆ ಬರ್ಲಿಕ್ಕಿಲ್ಲ, ಎದ್ದು ನೀರು ಕುಡೀಬಹುದು, ಸ್ವಲ್ಪ ತಿನ್ಲೂಬಹುದು. ಬಟ್ ಲೆಟ್ ಹರ್ ಟ್ರೈ. ಸಾದಾ ಊಟ ಇಡಿ. ವಾಪಸ್ ಬಂದ್ರೆ ಬರ್ಲಿ."

ವಾಪಸ್ ಬಂದ್ರೆ ಬರ್ಲಿ. ಎಷ್ಟು ಸುಲಭದ ಮಾತು.

ಆ ವಾರದ ರಜೆಯ ದಿನ ನಾನು ಕರಾಮದ ರೂಮಿನಲ್ಲಿದ್ದೆ. ರೂಮಿನಲ್ಲಿ ನನ್ನ ಜೊತೆ ಇರುವವಳು ಎಲ್ಸಿ, ಆಸ್ಪತ್ರೆಯ ನರ್ಸು, ರಾತ್ರಿ ಪಾಳಿಯವಳು. ಅವಳು ಹಗಲು ಪರದೆ ಎಳೆದು ಮಲಗಿದರೆ ನಾನು ಕುಕ್ಕರ್ ಇಡುವುದಿಲ್ಲ, ನಲ್ಲಿ ಸಣ್ಣಗೆ ಬಿಡುತ್ತೇನೆ, ಚಪ್ಪಲಿ ಹೊರಗೇ ಕಳಚುತ್ತೇನೆ. ಸಂಜೆ ಅವಳು ಎದ್ದಾಗ ಕರಡಿಯ ವಿಷಯ ಹೇಳಿದೆ.

"ತಿಂಗಳುಗಟ್ಟಲೆ ಮಲಗೂದಾ? ಮೂತ್ರ ಕೂಡ ಇಲ್ವಾ?" ಎಲ್ಸಿ ಕೂದಲು ಕಟ್ಟುತ್ತ ಕೇಳಿದಳು. "ನಮ್ಮ ವಾರ್ಡಲ್ಲಿ ಸ್ವಲ್ಪ ದಿನ ಮಲಗಿದವರ ಬೆನ್ನು ನೋಡ್ಬೇಕು. ಹುಣ್ಣು. ಕಾಲು ಕಡ್ಡಿ ಆಗ್ತದೆ."

"ಕರಡಿಗೆ ಹಾಗೆ ಆಗೂದಿಲ್ಲಂತೆ. ಮಾಂಸಖಂಡ ಅಷ್ಟು ಸೋಲೂದಿಲ್ಲ. ಎದೆಬಡಿತ ಮಾತ್ರ ತುಂಬ ನಿಧಾನ ಆಗ್ತದಂತೆ. ಮರಿ ಹಾಕೂದೂ ಆ ನಿದ್ದೆಯಲ್ಲೇ ಅಂತೆ."

"ಹಾಗಾದ್ರೆ ನನ್ನನ್ನೂ ಕರಡಿ ಮಾಡು ಮಾರಾಯ್ತಿ. ಮಾರ್ಚಿಗೆ ಎಬ್ಬಿಸು." ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತ ಅವಳು ನನ್ನನ್ನು ನೋಡಿದಳು. "ನನ್ನನ್ನು ಎಬ್ಬಿಸದ ಹಾಗೆ ಬೆಕ್ಕಿನಂತೆ ನಡೀತಿ. ಆ ಬಡಪಾಯಿಗೆ ಮೀನು ಹುರಿದು ಎಬ್ಬಿಸಿದಿಯಲ್ಲ."

ಅವಳು ತಮಾಷೆಗೇ ಹೇಳಿದ್ದು. ನನಗೆ ಆ ರಾತ್ರಿಯ ಊಟ ಸೇರಲಿಲ್ಲ.

ಮರುದಿನದಿಂದ ಸಾದಾ ಊಟ. ಕ್ಯಾರೆಟ್, ಜತ್ ಹುಲ್ಲು, ಬೇಯಿಸದ ಗೆಣಸು, ತಣ್ಣನೆಯ ಮೀನು. ಟ್ರೇ ವಾಪಸ್ ಬರತೊಡಗಿತು. ಪ್ರತಿ ಸಲ ಹಿಡಿಕೆ ಎಳೆಯುವಾಗ ಅದರ ಭಾರ ಕೈಗೆ ಸಿಗುತ್ತಿತ್ತು. ಒಲೆ ಪಕ್ಕದಲ್ಲೇ ಇತ್ತು, ಹೊತ್ತಿಸಲಿಲ್ಲ. ಫಿಡೆಲಿಸ್ ಬಾಬ್ ಒಳಕೋಣೆಗೆ ಒಣಹುಲ್ಲು, ಖರ್ಜೂರದ ಮರದ ಗರಿಗಳನ್ನು ಹಾಕಿದರು. ಝೈತೂನ ಅದನ್ನೆಲ್ಲ ಎಳೆದು ಮೂಲೆಗೆ ಗುಡ್ಡೆ ಮಾಡಿದಳು. ಅದನ್ನು ಅವಳಿಗೆ ಯಾರು ಕಲಿಸಿದರೋ. ವಿಲ್ಲಾದ ಸಿಮೆಂಟಿನ ಮೇಲೆ ಬೆಳೆದವಳು. ನಡುವೆ ಹಳ್ಳ ಮಾಡಿ, ಬೆನ್ನು ಈಚೆಗೆ ಹಾಕಿ ಸುರುಟಿಕೊಂಡು ಮಲಗಿದಳು. ನಡೆದಾಟ ನಿಂತಿತು. ಕಿವಿಯ ಗಾಯ ಒಣಗಿತು.

ಗಾಜಿನ ಮುಂದೆ ಬಂದವರಿಗೆ ಖಾಲಿ ಅಂಗಳ ಕಾಣತೊಡಗಿತು. ಅಬ್ದುಸ್ಸಲಾಮ್ ಸಾಬರು ಒಂದು ದಿನ ಚಹಾ ಹೊತ್ತಿಗೆ ಬಂದು ಸ್ಟೂಲಿನ ಮೇಲೆ ಕೂತರು. ಅವರ ಮುಖದಲ್ಲೂ ನಿದ್ದೆ ಇರಲಿಲ್ಲ.

"ಆರು ತಿಂಗಳು ಬಿಸಿಲಿಗೆ ಪಾರ್ಕ್ ಸತ್ತ ಹಾಗೆ. ಜನ ಬರೂದು ಚಳಿಗಾಲಕ್ಕೆ. ಇವ್ಳು ಮಲಗೂದೂ ಚಳಿಗಾಲಕ್ಕೇ. ಇಬ್ರಿಗೂ ಒಂದೇ ಸೀಸನ್ ಬೇಕಾದ್ರೆ ನಾ ಎಂತ ಮಾಡೂದು ಬಾಯಿ?"

"ಡಾಕ್ಟ್ರು ಹೇಳಿದ್ದಾರೆ ಸಾಬ್."

"ಡಾಕ್ಟ್ರು ನನಗೂ ಹೇಳಿದ್ದಾರೆ. ಡಾಕ್ಟ್ರಿಗೇ ಗ್ಯಾರಂಟಿ ಇಲ್ಲಂತೆ. ನಿಮಗೆ ಉಂಟಾ, ಸಂಜೆ ಕ್ಲಾಸಿನ ಡಾಕ್ಟ್ರೇ?"

ನನಗೂ ಇರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಅವರು ಚಹಾ ಮುಗಿಸಿದರು. "ಹೊಸ ವರ್ಷದ ವಾರ ಅರ್ಬಾಬರ ಮನೆಯವ್ರು ಗೆಸ್ಟ್ ಕರ್ಕೊಂಡು ಬರ್ತಾರೆ. ಮಕ್ಕಳಿಗೆ ಕರಡಿ ತೋರಿಸ್ತೇವೆ ಅಂತ ಮಾತು ಕೊಟ್ಟಾಗಿದೆ. ಒಂದೇ ಒಂದು ಸಲ ನಿಮ್ಮ ಬಂಗುಡೆ ಸುಡಿ. ಅರ್ಧ ಗಂಟೆ. ಆಮೇಲೆ ಮಾರ್ಚ್ ತನಕ ಮಲಗ್ಲಿ, ನಾ ಕೇಳೂದಿಲ್ಲ." ಅರ್ಬಾಬ್ ಎಂದರೆ ಪಾರ್ಕಿನ ಮಾಲೀಕರು, ನಮ್ಮೆಲ್ಲರ ವೀಸಾ ಅವರ ಕೈಯಲ್ಲಿ. ಎದ್ದು ಹೊರಡುವಾಗ ಸಾಬರು ಬಾಗಿಲಲ್ಲಿ ನಿಂತು, "ನಿಮ್ಮ ವೀಸಾ ರಿನ್ಯೂವಲ್ ಪೇಪರ್ ಅರ್ಬಾಬರ ಟೇಬಲ್ ಮೇಲೆ ಉಂಟು. ಹೆದರಿಸ್ಲಿಕ್ಕೆ ಹೇಳೂದಲ್ಲ. ಉಂಟು ಅಂತ ಹೇಳಿದೆ" ಎಂದರು.

ಅವರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಆ ದಿನ ಬಂತು. ನಾನು ಬಂಗುಡೆ ಸುಟ್ಟೆ. ಸುಡುವುದಿಲ್ಲ ಎಂದು ಹೇಳುವ ಧೈರ್ಯ ನನಗೆ ಇರಲಿಲ್ಲ. ಅರ್ಧ ಗಂಟೆ ತಾನೇ, ಎಂದುಕೊಂಡೆ. ಮತ್ತೆ ಮಲಗುತ್ತಾಳೆ, ಎಂದುಕೊಂಡೆ. ಪಾಕ ಸುರಿದು, ಅಂಗಳದ ಕಿಂಡಿಯಿಂದ ಟ್ರೇ ಒಳಗೆ ತಳ್ಳಿ, ಜಾಲರಿಯ ಹಿಂದೆ ನಿಂತೆ. ಫಿಡೆಲಿಸ್ ಬಾಬ್ ಒಳಕೋಣೆಯ ಬಾಗಿಲನ್ನು ಮೇಲೆತ್ತಿದರು. ಆಚೆ ಬದಿಯ ಗಾಜಿನ ಮುಂದೆ ಹೆಂಗಸರು, ಮಕ್ಕಳು, ಅವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಶರ್ಟಿನಲ್ಲಿ ಅಬ್ದುಸ್ಸಲಾಮ್ ಸಾಬರು.

ಬಹಳ ಹೊತ್ತು ಏನೂ ಆಗಲಿಲ್ಲ. ಬರದಿರಲಿ ಎಂದೂ ಬರಲಿ ಎಂದೂ ಒಟ್ಟಿಗೇ ಬೇಡಿಕೊಂಡೆ.

ಅವಳು ಬಂದಳು. ಬೆನ್ನ ತುಂಬ ಒಣಹುಲ್ಲು ಅಂಟಿತ್ತು. ಬಿಸಿಲಿಗೆ ಕಣ್ಣು ಬಿಡಲಾಗದೆ ಮೂಗನ್ನು ಮುಂದೆ ಮಾಡಿಕೊಂಡು, ಪಾದ ಪೂರ್ತಿ ಊರಿ ಊರಿ, ಮನುಷ್ಯರಂತೆ ನಡೆದು ಬಂದಳು. ಕರಡಿಗಳು ಹಾಗೆಯೇ ನಡೆಯುವುದು, ಹಿಮ್ಮಡಿಯನ್ನೂ ನೆಲಕ್ಕೆ ಊರಿ. ಆದರೆ ಆ ದಿನ ನನಗೆ ಅದು ತಪ್ಪು ಸ್ಟಾಪಿನಲ್ಲಿ ಇಳಿದವರ ನಡಿಗೆಯಂತೆ ಕಂಡಿತು. ಟ್ರೇಯ ಮುಂದೆ ಕೂತಳು. ಮೀನು ಮೂಸಿದಳು. ತಿನ್ನಲಿಲ್ಲ. ಒಂದು ಮುಂಗಾಲನ್ನು ಟ್ರೇಯೊಳಗೆ, ಪಾಕದ ಮೇಲೇ ಇಟ್ಟು, ಹಾಗೇ ಕೂತಳು. ಆಮೇಲೆ ಮೂಗನ್ನು ಕಿಂಡಿಯ ಕಡೆಗೆ, ನನ್ನ ಕಡೆಗೆ ಎತ್ತಿದಳು. ಆ ವಾಸನೆ ನನ್ನದು ಎಂದು ಅವಳಿಗೆ ಗೊತ್ತಿತ್ತು. ತಲೆ ಮೆಲ್ಲಗೆ ಜೋತು ಬಿತ್ತು, ಮತ್ತೆ ಎತ್ತಿದಳು, ಮತ್ತೆ ಜೋತು ಬಿತ್ತು.

ಮಕ್ಕಳು ಗಾಜು ಬಡಿದರು. ಯಾರೋ ಫೋನಿನ ಬೆಳಕು ಹಾಕಿದರು. ಅವಳು ಬೆಚ್ಚಿ ತಲೆಯೆತ್ತಿ ಮೀನಿಗೆ ಬಾಯಿ ಹಾಕಿದಳು. ಅದನ್ನು ಬಾಯಲ್ಲಿ ಹಿಡಿದಳು, ಅಗಿಯಲಿಲ್ಲ. ಮೀನು ಬಾಯಿಂದ ಜಾರಿ ಟ್ರೇಗೇ ಬಿತ್ತು.

ಹೋಟೆಲಿನಲ್ಲಿ ನಾವು ಎಂದೂ ಮಾಡಬಾರದ ಕೆಲಸ ಒಂದಿತ್ತು. ಗಿರಾಕಿ ಕೂತಿರುವಾಗಲೇ ಅವನ ಮುಂದಿನ ತಟ್ಟೆ ಎತ್ತುವುದು. ನಾನು ಹಿಡಿಕೆಗೆ ಕೈ ಹಾಕಿ ಎಳೆದೆ. ಟ್ರೇ ಸಿಮೆಂಟಿನ ಮೇಲೆ ಕಿರ್ರೆಂದು ಸರಿದು ಕಿಂಡಿಯೊಳಗೆ ಬಂತು. ಅವಳ ಕಾಲು ನೆಲಕ್ಕೆ ಇಳಿಯಿತು. ಕಿಂಡಿಯನ್ನು ಮುಚ್ಚಿದೆ.

"ವೆರೋನಿಕಾ, ಎಂತ ಮಾಡಿದಿ?" ಎಂದರು ಫಿಡೆಲಿಸ್ ಬಾಬ್, ಮೆಲ್ಲನೆ. ಆದರೆ ಅವಳು ವಾಪಸ್ ಹೋಗಲೆಂದು ಒಳಬಾಗಿಲನ್ನು ಅವರು ಇಳಿಸಲಿಲ್ಲ.

ಝೈತೂನ ಮುಚ್ಚಿದ ಕಿಂಡಿಯ ಕಡೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು, ಬಂದ ದಾರಿಯಲ್ಲೇ ಒಳಗೆ ಹೋದಳು. ಬಾಬ್ ಬಾಗಿಲು ಇಳಿಸಿದರು.

ಅಬ್ದುಸ್ಸಲಾಮ್ ಸಾಬರು ಸುತ್ತು ಹಾಕಿ ಬರುವಷ್ಟರಲ್ಲಿ ನಾನು ಟ್ರೇ ಹಿಡಿದುಕೊಂಡೇ ನಿಂತಿದ್ದೆ. ಅವರ ಶರ್ಟು ಬೆವರಿನಲ್ಲಿ ಒದ್ದೆಯಾಗಿತ್ತು.

"ಬಾಯಿ, ಇದೆಂತದು?"

"ಊಟ ಬೇಡ ಅಂದ್ಳು ಸಾಬ್. ಟೇಬಲ್ ಕ್ಲಿಯರ್ ಮಾಡಿದೆ."

ಅವರು ಟ್ರೇಯನ್ನು ನೋಡಿದರು. ಪಾಕದಲ್ಲಿ ಅವಳ ಪಾದದ ಗುರುತು ಹಾಗೇ ಇತ್ತು, ಐದು ಉಗುರುಗಳ ಗೀರು ಸಮೇತ. ಅವರು ಬೈಯುತ್ತಾರೆಂದು ಕಾದೆ. "ಮಕ್ಕಳು ಕೇಳ್ತಿದ್ದಾರೆ, ಸತ್ತು ಹೋಗ್ತಾಳಾ ಅಂತ" ಎಂದರು. "ನಾ ಎಂತ ಹೇಳ್ಲಿ?"

"ನಿದ್ದೆ ಬಂದಿದೆ ಅನ್ನಿ."

"ನಿಜವಾ?"

"ಗೊತ್ತಿಲ್ಲ ಸಾಬ್. ನಿಜ ಆಗಿದ್ರೆ ಸಾಕು."

ಅವರು ಹಣೆ ಒರೆಸಿಕೊಂಡು ವಾಪಸ್ ಹೋದರು. ಮರುದಿನ ಗಾಜಿನ ಮುಂದೆ ದಪ್ಪನೆಯ ಹಸಿರು ಬಟ್ಟೆ ಇಳಿಬಿಟ್ಟಿದ್ದರು. ಖಲಾಸ್, ಮಾರ್ಚ್ ತನಕ ಯಾರೂ ಗಾಜು ಬಡಿಯುವುದಿಲ್ಲ ಎಂದು ಅವರು ಫಿಡೆಲಿಸ್ ಬಾಬನಿಗೆ ಹೇಳಿದರಂತೆ. ನನಗೆ ಹೇಳಿದ್ದು ಬೇರೆ. ವೀಸಾ ನವೀಕರಣವಾಗುತ್ತದೆ, ಆದರೆ ಕರಡಿಯ ಊಟ ಇನ್ನು ನನ್ನದಲ್ಲ. ಫೆಬ್ರವರಿಯಿಂದ ಸ್ಟಾಫ್ ಮೆಸ್ಸು.

"ಅರ್ಬಾಬ್ ಗೇಟಿನಿಂದ ಆಚೆಗೇ ಕಳಿಸಿ ಅಂದಿದ್ರು" ಎಂದರು, ನನ್ನ ಮುಖ ನೋಡದೆ. "ಅಡುಗೆ ಚೆನ್ನಾಗಿ ಮಾಡ್ತಾರೆ ಅಂತ ನಾ ಹೇಳಿದೆ."

ಕರಡಿಯ ಊಟ ಫಿಡೆಲಿಸ್ ಬಾಬನ ಕೈಗೆ ಹೋಯಿತು. ಕೊನೆಯ ದಿನ ಅವರಿಗೆ ನಾನು ಹೇಳಿದ್ದು ಇಷ್ಟೇ: "ವಾಪಸ್ ಬಂದ್ರೆ ಬರ್ಲಿ ಬಾಬ್. ಏನೂ ಸೇರಿಸ್ಬೇಡಿ. ಮುಂದಿನ ನವೆಂಬರಲ್ಲೂ."

"ಮುಂದಿನ ನವೆಂಬರಿಗೆ ನಾನು ಊರಲ್ಲಿರ್ತೇನೆ."

"ಹಾಗಾದ್ರೆ ಬರುವವರಿಗೆ ಹೇಳಿ ಹೋಗಿ."

ಮೆಸ್ಸಿನ ಕೆಲಸ ಕಷ್ಟವಲ್ಲ. ಕೆಲಸಗಾರರು ಬಿಸಿಲಿನಿಂದ ಬಂದು, ಮಾತಿಲ್ಲದೆ ತಿಂದು, ಮಾತಿಲ್ಲದೆ ಹೋಗುತ್ತಾರೆ. ಅನ್ನ ಉಳಿಸಿದರೆ ಕಾರಣ ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ. ಕೆಲವರಿಗೆ ತಿನ್ನುವಷ್ಟು ಶಕ್ತಿಯೂ ಉಳಿದಿರುವುದಿಲ್ಲ. ಚಹಾ ಬಿಡುವಿನಲ್ಲಿ ಒಮ್ಮೊಮ್ಮೆ ಒಳಕೋಣೆಯ ಕಡೆಯ ಓಣಿಗೆ ಹೋಗಿ, ಜಾಲರಿಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಕತ್ತಲಲ್ಲಿ ಗರಿಗಳ ಗುಡ್ಡೆ ಮಾತ್ರ ಕಾಣುತ್ತಿತ್ತು. ಒಂದು ಉಸಿರು ಕೇಳಿದ ಮೇಲೆ ಇನ್ನೊಂದು ಬರುವುದು ಎಷ್ಟು ತಡವೆಂದರೆ, ಈ ಸಲ ಬರುವುದೇ ಇಲ್ಲ, ನಾನೇ ಕೊಂದೆ ಎಂದು ಪ್ರತಿ ಸಲ ಅನಿಸುತ್ತಿತ್ತು. ಆಮೇಲೆ ಬರುತ್ತಿತ್ತು.

ರಂಜಾನ್ ಶುರುವಾಗಿ ಮೆಸ್ಸಿನಲ್ಲಿ ಮಧ್ಯಾಹ್ನ ಹೆಚ್ಚು ಜನರಿರಲಿಲ್ಲ. ಹಾಗೆ ಒಂದು ಮಧ್ಯಾಹ್ನ ಫಿಡೆಲಿಸ್ ಬಾಬ್ ಟ್ರೇಯನ್ನೇ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟರು.

"ನೋಡು."

ಮೀನು ಹಾಗೇ ಇತ್ತು. ಸೇಬು ಹಾಗೇ ಇತ್ತು. ಜತ್ ಹುಲ್ಲಿನ ಕಟ್ಟಿನಲ್ಲಿ ಒಂದು ಹಿಡಿಯಷ್ಟು ಕಡಿಮೆಯಾಗಿತ್ತು.

"ಎದ್ದಳಾ?"

"ಬೆಳಿಗ್ಗೆಯಿಂದ ಹೊರಗಿದ್ದಾಳೆ. ತೂರಾಡ್ತಾಳೆ ಸ್ವಲ್ಪ. ಅಬ್ದುಸ್ಸಲಾಮ್ ಸಾಬ್ ಉಪವಾಸದಲ್ಲಿ ಬಂದು ನೋಡಿ ಹೋದ್ರು. ಇವಳದ್ದೂ ಇಫ್ತಾರ್ ಆಯ್ತಾ ಅಂತ ಕೇಳಿದ್ರು."

ಡಾಕ್ಟರ್ ರುಮೈಸಾ ಹೇಳಿದ್ದು ನೆನಪಾಯಿತು. ಎದ್ದ ಮೇಲೂ ಕೆಲವು ವಾರ ಅವು ಹೆಚ್ಚು ತಿನ್ನುವುದಿಲ್ಲ, ಹೊಟ್ಟೆ ಇನ್ನೂ ಅರ್ಧ ನಿದ್ದೆಯಲ್ಲೇ ಇರುತ್ತದೆ, ಮೊದಲು ಎಳೆ ಹುಲ್ಲನ್ನೇ ಕಡಿಯುತ್ತವೆ ಎಂದು. ಕೈ ತೊಳೆದು ಹೊರಟೆ. ಮೈಗೆ ಈರುಳ್ಳಿ, ಎಣ್ಣೆಯ ವಾಸನೆ ಹಾಗೇ ಇತ್ತು.

ಗಾಜಿನ ಮುಂದಿನ ಬಟ್ಟೆಯನ್ನು ಇನ್ನೂ ತೆಗೆದಿರಲಿಲ್ಲ. ನಾನು ಪಕ್ಕದ ಜಾಲರಿಯ ಕಡೆಯಿಂದ ನೋಡಿದೆ. ಝೈತೂನ ಅಂಗಳದ ಅಂಚಿನಲ್ಲಿ, ನೀರಿನ ಪೈಪು ಸೋರುವಲ್ಲಿ ತಾನಾಗಿ ಹುಟ್ಟಿದ ಹುಲ್ಲಿನ ಪಕ್ಕ ಕೂತಿದ್ದಳು. ಹೊಟ್ಟೆ ಒಳಗೆ ಹೋಗಿತ್ತು, ಭುಜದ ಉಬ್ಬು ಎದ್ದು ಕಾಣುತ್ತಿತ್ತು. ಕತ್ತಿನ ಬೋಳು ಜಾಗದಲ್ಲಿ ಎಳೆಯ ಕೂದಲು. ಹುಲ್ಲನ್ನು ಮುಂದಿನ ಹಲ್ಲಿನಿಂದ ಕಚ್ಚಿ, ಅಗಿಯುತ್ತ, ನಿಲ್ಲಿಸಿ, ಮತ್ತೆ ಅಗಿಯುತ್ತಿದ್ದಳು. ಯಾವ ಅವಸರವೂ ಇರಲಿಲ್ಲ.

ಗಾಳಿ ನನ್ನ ಬೆನ್ನ ಹಿಂದಿನಿಂದ ಅವಳ ಕಡೆಗೆ ಬೀಸುತ್ತಿತ್ತು. ಅವಳು ಅಗಿಯುವುದನ್ನು ನಿಲ್ಲಿಸಿ ಮೂಗು ಎತ್ತಿದಳು. ಮುಂಗಾಲು ಊರಿ ಏಳಲು ನೋಡಿದಳು. ಅವಳ ಲೆಕ್ಕದಲ್ಲಿ ನನ್ನ ವಾಸನೆ ಎಂದರೆ ಊಟ, ಊಟವೆಂದರೆ ಏಳಬೇಕು.

ನಾನು ಸದ್ದಾಗದಂತೆ ಓಣಿಯ ತುದಿಗೆ ಸುತ್ತು ಹಾಕಿ, ಗಾಳಿಯ ಆಚೆ ಬದಿಗೆ ಹೋಗಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಮತ್ತೆ ಕೂತು, ಬಿಟ್ಟ ಹುಲ್ಲಿಗೆ ಬಾಯಿ ಹಾಕಿದಳು.